ಅತಿಭಾರದ ಲಾರಿ, ಮಾಮೂಲಿನ ತಕ್ಕಡಿ

2019ರ ಸೆಪ್ಟೆಂಬರ್ 1ರಂದು ಮೋಟಾರು ವಾಹನ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದಾಗ, ಮಿತಿ ಮೀರಿ ಭಾರ ಹೊತ್ತ ಲಾರಿಗೆ ವಿಧಿಸುವ ದಂಡದ ಮೂಲ ಮೊತ್ತ 2,000 ರೂಪಾಯಿಯಿಂದ 20,000 ರೂಪಾಯಿಗೆ ಏರಿತು. ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ ತೆರಬೇಕಾಗಿದ್ದ 1,000 ರೂಪಾಯಿ 2,000 ಆಯಿತು. ಹತ್ತು ಟನ್ ಹೆಚ್ಚು ಹೊತ್ತ ಲಾರಿಗೆ ಹಿಂದೆ 12,000 ರೂಪಾಯಿ ದಂಡವಿದ್ದರೆ, ಈಗ ಕಾಯಿದೆಯ ಲೆಕ್ಕದಲ್ಲಿ ಅದು 40,000 ರೂಪಾಯಿ. ಆದರೂ ಮುಂಬಯಿ–ಬೆಂಗಳೂರು ಹೆದ್ದಾರಿಯಲ್ಲಿ ಒಂದು ರಾತ್ರಿ ಪ್ರಯಾಣ ಮಾಡಿದವರಿಗೆ, ಹಿಂದಿನ ಪಾಟಾಗಳು ಚಪ್ಪಟೆಯಾಗಿ, ಏರಿನಲ್ಲಿ ಏದುಸಿರು ಬಿಡುತ್ತ ತೆವಳುವ ಲಾರಿಗಳು ಕಾಣದೆ ಇರುವುದಿಲ್ಲ. ಕಾನೂನು ಬಿಗಿಯಾಯಿತು, ಭಾರ ಇಳಿಯಲಿಲ್ಲ.

ಕಾರಣ ಗೂಢವಾದುದಲ್ಲ. ನಡುರಾತ್ರಿಯ ಹೆದ್ದಾರಿಯಲ್ಲಿ ತಪಾಸಣೆ ನಡೆಯುವುದು ಇಬ್ಬರ ನಡುವೆ. ಒಬ್ಬನ ಕೈಯಲ್ಲಿ ದಂಡದ ಪುಸ್ತಕವಿದೆ. ಇನ್ನೊಬ್ಬನ ಜೇಬಿನಲ್ಲಿ ಮಾಲೀಕ ಕೊಟ್ಟ ದಾರಿಖರ್ಚಿದೆ. ದಂಡ 12,000 ಇದ್ದಾಗ ಅದನ್ನು ತಪ್ಪಿಸಿಕೊಳ್ಳಲು ಚಾಲಕ ಎಷ್ಟು ಕೊಡಬಲ್ಲನೋ, ದಂಡ 40,000 ಆದಾಗ ಅದಕ್ಕಿಂತ ಹೆಚ್ಚು ಕೊಡಬಲ್ಲ. ಪರಿಶೀಲಿಸುವ ಕೈ ಅದೇ, ಸ್ಥಳ ಅದೇ, ಕತ್ತಲೆಯೂ ಅದೇ ಆಗಿರುವಾಗ, ದಂಡವನ್ನು ಹೆಚ್ಚಿಸಿದರೆ ಸರ್ಕಾರದ ಬೊಕ್ಕಸಕ್ಕಿಂತ ಮೊದಲು ಲಂಚದ ದರ ಏರುತ್ತದೆ. ಆದುದರಿಂದ ಈ ಪಿಡುಗಿಗೆ ಪರಿಹಾರವನ್ನು ದಂಡದ ಪ್ರಮಾಣದಲ್ಲಿ ಹುಡುಕುವುದಕ್ಕಿಂತ, ತೂಕವನ್ನು ಯಾರು, ಎಲ್ಲಿ, ಯಾರ ಸಮಕ್ಷಮದಲ್ಲಿ ನೋಡುತ್ತಾರೆ ಎಂಬುದರಲ್ಲಿ ಹುಡುಕಬೇಕಾಗಿದೆ. ಹೆಚ್ಚಿನ ಭಾರ ಲಾರಿಗೆ ಏರುವುದು ಹೆದ್ದಾರಿಯಲ್ಲಲ್ಲ, ಗೋದಾಮಿನ ಬಾಗಿಲಿನಲ್ಲಿ. ಕಾನೂನಿನ ದೃಷ್ಟಿ ಆ ಬಾಗಿಲಿಗೆ ತಿರುಗುವವರೆಗೆ ಮಾಮೂಲು ನಿಲ್ಲುವುದಿಲ್ಲ.

ಭಾರ ಹೆಚ್ಚಿದರೆ ಏನಾಗುತ್ತದೆ

ವ್ಯಾಪಾರಿ ಕುಟುಂಬಗಳಲ್ಲಿ ಓವರ್‌ಲೋಡನ್ನು ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸಿದಂತಹ ಚಿಕ್ಕ ತಪ್ಪೆಂದು ಕಾಣುವ ರೂಢಿಯಿದೆ. ಲೆಕ್ಕ ಹಾಗಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ನಿರಂತರವಾಗಿ ಓಡಿಸಿ ನೋಡಲಾಯಿತು. ಅದರಿಂದ ದೊರೆತ ಸೂತ್ರವನ್ನೇ ಇಂದಿಗೂ ರಸ್ತೆ ಇಂಜಿನಿಯರುಗಳು ಸ್ಥೂಲವಾಗಿ ಅನುಸರಿಸುತ್ತಾರೆ. ಒಂದು ಆಕ್ಸಲಿನ ಮೇಲೆ ಬೀಳುವ ಭಾರ ಹೆಚ್ಚಿದಂತೆ, ರಸ್ತೆಗೆ ಆಗುವ ಹಾನಿ ಸುಮಾರಾಗಿ ಅದರ ನಾಲ್ಕನೆಯ ಘಾತದಷ್ಟು ಹೆಚ್ಚುತ್ತದೆ. ಭಾರ ಶೇ. 20 ಏರಿದರೆ ಹಾನಿ ಎರಡು ಪಟ್ಟು, ಶೇ. 50 ಏರಿದರೆ ಐದು ಪಟ್ಟು, ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. ಹದಿನೈದು ವರ್ಷ ಬಾಳಲೆಂದು ಹಾಕಿದ ರಸ್ತೆ ನಾಲ್ಕೈದು ವರ್ಷಗಳಲ್ಲೇ ಗುಂಡಿಬಿದ್ದರೆ ಗುತ್ತಿಗೆದಾರನನ್ನು ದೂಷಿಸುವುದು ವಾಡಿಕೆ. ಅವನ ಪಾಲಿನ ತಪ್ಪು ಅನೇಕ ಕಡೆ ಇದ್ದೇ ಇದೆ. ಆದರೆ ಅದೇ ರಸ್ತೆಯ ಮೇಲೆ ಹರಿದ ಅತಿಭಾರದ ಲೆಕ್ಕವನ್ನು ಕೇಳುವವರು ವಿರಳ.

ರಸ್ತೆಯನ್ನು ಮತ್ತೆ ಹಾಕಬಹುದು. ಘಾಟಿಯಲ್ಲಿ ಬ್ರೇಕು ಸೋತರೆ ಹೋದ ಜೀವ ಮರಳುವುದಿಲ್ಲ. ಲಾರಿಯ ಬ್ರೇಕು, ಟಯರು, ಆಕ್ಸಲ್ ಎಲ್ಲವೂ ನಿರ್ದಿಷ್ಟ ಭಾರಕ್ಕೆ ತಯಾರಾದವು. ಇಳಿಜಾರಿನಲ್ಲಿ ಹತ್ತು ಟನ್ ಹೆಚ್ಚು ಹೊತ್ತ ವಾಹನವನ್ನು ತಡೆಯಲು ಬ್ರೇಕು ಅಷ್ಟೂ ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಪರಿವರ್ತಿಸಬೇಕು. ಕಾದ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ಪುಣೆಯ ವಾಚಕರಿಗೆ ಕಾತ್ರಜ್ ಸುರಂಗದಿಂದ ನವಲೆ ಸೇತುವೆಯತ್ತ ಇಳಿಯುವ ರಸ್ತೆಯನ್ನು ಪರಿಚಯಿಸಬೇಕಾಗಿಲ್ಲ. ಅಲ್ಲಿನ ಎಲ್ಲ ಅಪಘಾತಗಳಿಗೂ ಹೆಚ್ಚುವರಿ ಭಾರವೇ ಕಾರಣವೆಂದು ಹೇಳಲಾಗದು. ರಸ್ತೆಯ ಇಳುಕಲು, ಡೀಸೆಲ್ ಉಳಿಸಲೆಂದು ಇಂಜಿನ್ ಆರಿಸಿ ಇಳಿಯುವ ಅಭ್ಯಾಸ, ಚಾಲಕನ ದಣಿವು ಎಲ್ಲವೂ ಸೇರಿರುತ್ತವೆ. ಆದರೆ ಈ ಪ್ರತಿಯೊಂದು ತಪ್ಪನ್ನೂ ಹೆಚ್ಚುವರಿ ಭಾರ ಮಾರಕವಾಗಿಸುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅತಿಭಾರದ ಲಾರಿಯನ್ನು ಮಾಮೂಲು ಪಡೆದು ಮುಂದೆ ಬಿಟ್ಟವನು ಇಂತಹ ಸಾವುಗಳಿಗೆ ತಾನೂ ಬಾಗಿಲು ತೆರೆದಿದ್ದೇನೆಂದು ಎಂದೂ ಭಾವಿಸುವುದಿಲ್ಲ.

ಮಾಮೂಲಿನ ಲೆಕ್ಕ

ಹತ್ತು ಚಕ್ರದ ಲಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಅದರ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಬರಿಗಾಡಿಯ ತೂಕ ಹತ್ತು ಟನ್ ಎಂದಿಟ್ಟುಕೊಂಡರೆ ಹೇರಬಹುದಾದ ಸರಕು 18.5 ಟನ್. ಬಾಡಿಗೆ ನಿಗದಿಯಾಗುವುದು ಸಾಮಾನ್ಯವಾಗಿ ಟನ್ನಿನ ಲೆಕ್ಕದಲ್ಲಿ. ಅದೇ ಲಾರಿಗೆ 28 ಟನ್ ಹೇರಿದರೆ ಬಾಡಿಗೆ ಒಂದೂವರೆ ಪಟ್ಟಾಗುತ್ತದೆ. ಟೋಲು, ಚಾಲಕನ ಸಂಬಳ, ವಿಮೆ, ಸಾಲದ ಕಂತು ಏರುವುದಿಲ್ಲ. ಡೀಸೆಲ್ ಏರಿದರೂ ಒಂದೂವರೆ ಪಟ್ಟಾಗುವುದಿಲ್ಲ. ಉಳಿಯುವ ಹಣದಲ್ಲಿ ಒಂದು ಪಾಲು ಸರಕಿನ ಒಡೆಯನಿಗೆ ಅಗ್ಗದ ಬಾಡಿಗೆಯಾಗಿ, ಒಂದು ಪಾಲು ಲಾರಿ ಮಾಲೀಕನಿಗೆ ಲಾಭವಾಗಿ, ಇನ್ನೊಂದು ಪಾಲು ದಾರಿಯುದ್ದಕ್ಕೂ ಮಾಮೂಲಾಗಿ ಹಂಚಿಹೋಗುತ್ತದೆ. ಈ ಹಂಚಿಕೆಯಲ್ಲಿ ಚಾಲಕನಿಗೆ ದೊರೆಯುವುದು ಅಪಾಯವೊಂದೇ. ಸಿಕ್ಕಿಬಿದ್ದರೆ ಪರವಾನಗಿ ಅವನದು, ಅಪಘಾತವಾದರೆ ಜೈಲು ಅವನದು.

ಸೇವ್‌ಲೈಫ್ ಫೌಂಡೇಷನ್ ಎಂಬ ಸಂಸ್ಥೆ ದೇಶದ ಹತ್ತು ನಗರಗಳಲ್ಲಿ ಲಾರಿ ಚಾಲಕರನ್ನೂ ಮಾಲೀಕರನ್ನೂ ಮಾತನಾಡಿಸಿ ನಡೆಸಿದ ಅಧ್ಯಯನ 2020ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಹಿಂದಿನ ಪ್ರಯಾಣದಲ್ಲಿ ಲಂಚ ಕೊಟ್ಟೆವೆಂದು ಒಪ್ಪಿಕೊಂಡ ಚಾಲಕರು ಶೇ. 82ಕ್ಕೂ ಹೆಚ್ಚು. ಲಾರಿ ಸಾರಿಗೆಯಲ್ಲಿ ವರ್ಷಕ್ಕೆ ಸಂದಾಯವಾಗುವ ಲಂಚದ ಮೊತ್ತ ಸುಮಾರು 48,000 ಕೋಟಿ ರೂಪಾಯಿ ಎಂದು ಆ ವರದಿ ಅಂದಾಜು ಮಾಡಿತು. ಇದು ಅತಿಭಾರದ ಲಂಚವೊಂದೇ ಅಲ್ಲ. ಕಾಗದಪತ್ರ, ಪ್ರವೇಶ ನಿಷೇಧದ ವೇಳೆ, ಸ್ಥಳೀಯ ವಸೂಲಿ ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಅತಿಭಾರಕ್ಕೆ ಒಂದು ವಿಶೇಷವಿದೆ. ಕಾಗದಪತ್ರ ಸರಿಯಿದ್ದ ಚಾಲಕ ಒಮ್ಮೊಮ್ಮೆ ಎದುರು ಮಾತಾಡಬಲ್ಲ. ಅತಿಭಾರ ಹೊತ್ತವನಿಗೆ ಆ ಧೈರ್ಯವಿರುವುದಿಲ್ಲ. ಆದುದರಿಂದ ಉಳಿದೆಲ್ಲ ವಸೂಲಿಗೂ ಅವನು ಸುಲಭದ ತುತ್ತಾಗುತ್ತಾನೆ.

ಇನ್ನೊಂದು ಸಂಗತಿ ಹೆಚ್ಚು ಕಳವಳಕಾರಿಯಾದುದು. ಲಂಚವು ಆಯಾ ರಾತ್ರಿಯ ಚೌಕಾಶಿಯಾಗಿ ಉಳಿಯದೆ ಅನೇಕ ಮಾರ್ಗಗಳಲ್ಲಿ ತಿಂಗಳ ವ್ಯವಸ್ಥೆಯಾಗಿ ಬೆಳೆದಿದೆ. ಲಾರಿಯ ನಂಬರು ಪಟ್ಟಿಯಲ್ಲಿದ್ದರೆ ಅದನ್ನು ಯಾರೂ ತಡೆಯುವುದಿಲ್ಲ. ಇದರ ಅರ್ಥ, ನಿಯಮ ಮೀರುವುದಕ್ಕೆ ಒಂದು ಸಮಾಂತರ ಪರವಾನಗಿ ಹುಟ್ಟಿಕೊಂಡಿದೆ. ಕೆಲವು ರಾಜ್ಯ ಸರ್ಕಾರಗಳೇ ಒಂದು ಕಾಲಕ್ಕೆ ಇಂತಹ ವ್ಯವಸ್ಥೆಗೆ ಅಧಿಕೃತ ಮುದ್ರೆ ಒತ್ತಿದ್ದವು. ಹೆಚ್ಚುವರಿ ಹಣ ಕಟ್ಟಿಸಿಕೊಂಡು, ಅದೇ ಅತಿಭಾರದೊಡನೆ ಲಾರಿ ಮುಂದೆ ಸಾಗಲು ಅವು ಅನುಮತಿ ಕೊಡುತ್ತಿದ್ದವು. 2005ರ ನವೆಂಬರ್ 9ರಂದು ಪರಮಜಿತ್ ಭಾಸಿನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದು ಕಾಯಿದೆಗೆ ವಿರುದ್ಧವೆಂದು ಸ್ಪಷ್ಟಪಡಿಸಿತು. ದಂಡ ಕಟ್ಟಿದ ಮಾತ್ರಕ್ಕೆ ಅಪರಾಧವನ್ನು ಮುಂದುವರಿಸುವ ಹಕ್ಕು ದೊರೆಯುವುದಿಲ್ಲ. ಹೆಚ್ಚುವರಿ ಸರಕನ್ನು ಅಲ್ಲೇ ಇಳಿಸಬೇಕು. 2019ರ ತಿದ್ದುಪಡಿಯೂ ಇದನ್ನೇ ಕಾಯಿದೆಯ ಮಾತಿನಲ್ಲಿ ಹೇಳಿತು: ಹೆಚ್ಚುವರಿ ಭಾರ ಇಳಿಯುವವರೆಗೆ ವಾಹನ ಕದಲಕೂಡದು. ಈ ಒಂದು ವಾಕ್ಯ ದೇಶದಲ್ಲಿ ನಿಜವಾಗಿ ಪಾಲನೆಯಾದರೆ ಓವರ್‌ಲೋಡಿನ ಲಾಭವೇ ಇಲ್ಲವಾಗುತ್ತದೆ. ಪಾಲಿಸಲು ಬೇಕಾದ ಇಳಿದಾಣ, ಹಮಾಲರು, ಗೋದಾಮು ಬಹುತೇಕ ತಪಾಸಣಾ ಸ್ಥಳಗಳಲ್ಲಿ ಇಲ್ಲ. ಇಲ್ಲವೆಂಬುದೇ ಲಾರಿಯನ್ನು ಬಿಟ್ಟುಬಿಡಲು ಸಿದ್ಧವಾದ ನೆಪ.

ಬಳ್ಳಾರಿ ಕಲಿಸಿದ ಪಾಠ

ಈ ವ್ಯವಸ್ಥೆ ಬೆಳೆದು ಎಲ್ಲಿಗೆ ತಲುಪಬಲ್ಲದೆಂಬುದಕ್ಕೆ ಕರ್ನಾಟಕದ ಅದಿರಿನ ವರ್ಷಗಳಿಗಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ಹೊಸಪೇಟೆ, ಹುಬ್ಬಳ್ಳಿ, ಅಂಕೋಲಾ ದಾರಿಯಲ್ಲಿ ಹಗಲಿರುಳು ಹರಿದ ಅದಿರಿನ ಲಾರಿಗಳ ಸಾಲು ಆ ಭಾಗದ ಕುಟುಂಬಗಳಿಗೆ ಇಂದಿಗೂ ನೆನಪಿರಬೇಕು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2008ರ ಡಿಸೆಂಬರ್ ಮತ್ತು 2011ರ ಜುಲೈಯಲ್ಲಿ ಸಲ್ಲಿಸಿದ ವರದಿಗಳು ಅಕ್ರಮ ಗಣಿಗಾರಿಕೆಯ ಜೊತೆಗೆ ಅತಿಭಾರದ ಸಾಗಣೆಯನ್ನೂ, ಹಲವು ಇಲಾಖೆಗಳ ಅಧಿಕಾರಿಗಳಿಗೆ ಸಂದಾಯವಾದ ಹಣದ ದಾಖಲೆಗಳನ್ನೂ ಜನರ ಮುಂದಿಟ್ಟವು. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿಯಾಗಿದ್ದ ಅದಿರಿನ ದೊಡ್ಡ ಪಾಲೇ ಮಾಯವಾಯಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂತು.

ಅಲ್ಲಿನ ಅತಿಭಾರಕ್ಕೂ ಅಕ್ರಮಕ್ಕೂ ನೇರ ನಂಟಿತ್ತು. ಒಂದು ಪರವಾನಗಿ ಪತ್ರದಲ್ಲಿ ಬರೆದ ಟನ್ನಿಗಿಂತ ಹೆಚ್ಚು ಅದಿರು ಲಾರಿಯಲ್ಲಿದ್ದರೆ, ಆ ಹೆಚ್ಚಿನ ಟನ್ನಿಗೆ ರಾಜಧನವೂ ಇಲ್ಲ, ತೆರಿಗೆಯೂ ಇಲ್ಲ, ಲೆಕ್ಕವೂ ಇಲ್ಲ. ತೂಕವನ್ನು ನೋಡಿಯೂ ನೋಡದಂತೆ ಬಿಟ್ಟ ಪ್ರತಿಯೊಬ್ಬ ಸಿಬ್ಬಂದಿ, ತಾನು ಸಾರಿಗೆ ನಿಯಮವೊಂದನ್ನು ಸಡಿಲಿಸಿದೆನೆಂದು ತಿಳಿದಿರಬಹುದು. ವಾಸ್ತವದಲ್ಲಿ ಅವನು ನಾಡಿನ ಸಂಪತ್ತಿನ ಕಳವಿಗೆ ದಾರಿ ಮಾಡಿಕೊಟ್ಟಿದ್ದ. ಮರಳು, ಜಲ್ಲಿ, ಕಲ್ಲಿದ್ದಲುಗಳ ವಿಷಯದಲ್ಲಿ ದೇಶದ ಅನೇಕ ಭಾಗಗಳಲ್ಲಿ ಇಂದೂ ಇದೇ ನಡೆದಿದೆ. ತೂಕದ ಸುಳ್ಳು ಒಮ್ಮೆ ಒಪ್ಪಿತವಾದರೆ ಅದರ ಹಿಂದೆ ಉಳಿದ ಸುಳ್ಳುಗಳೂ ಸಾಲುಗಟ್ಟಿ ಸಾಗುತ್ತವೆ.

ಠಾಣೆ ಮುಚ್ಚಿದರೆ ಸಾಕೇ?

ಪರಿಹಾರದ ಪ್ರಯತ್ನಗಳು ಆಗಿಲ್ಲವೆಂದಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ರಾಜ್ಯಗಳ ಗಡಿಯಲ್ಲಿದ್ದ ಮಾರಾಟ ತೆರಿಗೆಯ ತಪಾಸಣಾ ಠಾಣೆಗಳು ಮುಚ್ಚಿದವು. ಸಾರಿಗೆ ಇಲಾಖೆಯ ಠಾಣೆಗಳು ಮಾತ್ರ ಅನೇಕ ರಾಜ್ಯಗಳಲ್ಲಿ ಉಳಿದುಕೊಂಡವು. ಗುಜರಾತ್ 2019ರ ನವೆಂಬರಿನಲ್ಲಿ ತನ್ನ 16 ಸಾರಿಗೆ ಠಾಣೆಗಳನ್ನು ಮುಚ್ಚಿತು. ಲಾರಿ ಮಾಲೀಕರ ದೂರುಗಳ ತರುವಾಯ ಮಧ್ಯಪ್ರದೇಶವೂ 2024ರ ಜುಲೈ 1ರಿಂದ ಗಡಿ ಠಾಣೆಗಳನ್ನು ತೆಗೆದುಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭೋಪಾಲದ ಹೊರವಲಯದಲ್ಲಿ ಬಿಟ್ಟುಹೋಗಿದ್ದ ಕಾರೊಂದರಲ್ಲಿ ಸುಮಾರು 52 ಕಿಲೋ ಚಿನ್ನವೂ ಕೋಟಿಗಟ್ಟಲೆ ನಗದೂ ಸಿಕ್ಕವು. ತನಿಖೆ ಸಾರಿಗೆ ಇಲಾಖೆಯ ಮಾಜಿ ಕಾನ್‌ಸ್ಟೇಬಲ್ ಒಬ್ಬರತ್ತ ತಿರುಗಿತು. ಅಪರಾಧ ಯಾರದೆಂದು ಹೇಳಬೇಕಾದುದು ನ್ಯಾಯಾಲಯ. ಆದರೆ ಇಲಾಖೆಯ ಕೆಳಹಂತದ ಹುದ್ದೆಯೊಂದರ ಸುತ್ತ ಇಷ್ಟು ದೊಡ್ಡ ಮೊತ್ತದ ಪ್ರಶ್ನೆ ಏಳುವುದೇ ಆ ಠಾಣೆಗಳ ಸ್ಥಿತಿಯನ್ನು ಸೂಚಿಸುತ್ತದೆ. ಕರ್ನಾಟಕದಲ್ಲೂ ಅತ್ತಿಬೆಲೆಯಂತಹ ಗಡಿ ಠಾಣೆಗಳ ಮೇಲೆ ಲೋಕಾಯುಕ್ತ ಪೊಲೀಸರು ದಾಳಿ ನಡೆಸಿದ್ದಾರೆ.

ಠಾಣೆಗಳನ್ನು ಮುಚ್ಚುವುದು ಸ್ವಾಗತಾರ್ಹ. ಆದರೆ ಅಷ್ಟರಿಂದಲೇ ವಸೂಲಿ ನಿಲ್ಲುತ್ತದೆಂಬ ಭರವಸೆಗೆ ಆಧಾರ ಕಡಿಮೆ. ಇಂಡೊನೇಷ್ಯಾದ ಆಚೆ ಪ್ರಾಂತದಲ್ಲಿ ಪ್ಯಾಟ್ರಿಕ್ ಬ್ಯಾರನ್ ಮತ್ತು ಬೆಂಜಮಿನ್ ಓಲ್ಕೆನ್ ಎಂಬ ಸಂಶೋಧಕರು ನಡೆಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಅವರ ತಂಡದವರು 304 ಪ್ರಯಾಣಗಳಲ್ಲಿ ಲಾರಿಯಲ್ಲೇ ಕುಳಿತು, 6,000ಕ್ಕೂ ಹೆಚ್ಚು ಅಕ್ರಮ ಸಂದಾಯಗಳನ್ನು ಕಣ್ಣಾರೆ ಕಂಡು ಬರೆದುಕೊಂಡರು. ಶಾಂತಿ ಒಪ್ಪಂದದ ನಂತರ ಸೈನ್ಯ ಹಿಂತೆಗೆದು, ದಾರಿಯ ಠಾಣೆಗಳು ಕಡಿಮೆಯಾದಾಗ ಉಳಿದ ಠಾಣೆಗಳವರು ಕೇಳುವ ಹಣ ಹೆಚ್ಚಾಯಿತು. ಚಾಲಕನ ಕೈಯಲ್ಲಿ ಕೊಡಬಲ್ಲ ಹಣ ಇರುವವರೆಗೆ, ಅವನು ಕೊಡದೆ ಗತಿಯಿಲ್ಲದ ಸ್ಥಿತಿಯಲ್ಲಿ ಇರುವವರೆಗೆ, ಕೇಳುವ ಕೈಗಳ ಸಂಖ್ಯೆ ಇಳಿದರೂ ಕೇಳುವ ಮೊತ್ತ ತಾನೇ ಸರಿಹೊಂದಿಕೊಳ್ಳುತ್ತದೆ. ಗಡಿಯಲ್ಲಿ ಠಾಣೆ ಇಲ್ಲದಿದ್ದರೆ ಸಂಚಾರಿ ತಪಾಸಣಾ ವಾಹನ ಬರುತ್ತದೆ. ಅತಿಭಾರವೆಂಬ ದೌರ್ಬಲ್ಯವನ್ನು ಲಾರಿಯಿಂದ ತೆಗೆಯದೆ ಲಂಚವನ್ನು ತೆಗೆಯಲಾಗದು.

ಮಿತಿಯನ್ನೇ ಏರಿಸಿದರೆ ಅಕ್ರಮ ಕಡಿಮೆಯಾಗುತ್ತದೆಂಬ ವಾದವೂ ಪರೀಕ್ಷೆಗೆ ಒಳಗಾಗಿದೆ. 2018ರಲ್ಲಿ ನಾಲ್ಕು ಟಯರಿನ ಒಂಟಿ ಆಕ್ಸಲಿನ ಮಿತಿ 10.2 ಟನ್ನಿನಿಂದ 11.5 ಟನ್ನಿಗೆ ಏರಿತು. ಹೊಸ ವಾಹನಗಳ ತಾಂತ್ರಿಕ ಶಕ್ತಿಯನ್ನು ನೋಡಿದರೆ ಆ ನಿರ್ಧಾರಕ್ಕೆ ಕಾರಣಗಳಿದ್ದವು. ಆದರೆ ಮಿತಿ ಎಷ್ಟೇ ಇರಲಿ, ಅದನ್ನು ಮೀರಿದ ಪ್ರತಿ ಟನ್ನೂ ಲಾಭ ತರುವುದಾದರೆ ಮೀರುವ ಆಸೆ ಹೊಸ ಮಿತಿಯಿಂದ ಮತ್ತೆ ಆರಂಭವಾಗುತ್ತದೆ.

ಏನು ಮಾಡಬೇಕು

ಮೊದಲನೆಯದಾಗಿ, ಹೊಣೆಯನ್ನು ಸರಕು ತುಂಬುವ ಸ್ಥಳಕ್ಕೆ ಒಯ್ಯಬೇಕು. ಇದಕ್ಕೆ ಹೊಸ ಕಾಯಿದೆಯೂ ಬೇಕಾಗಿಲ್ಲ. ಕಾಯಿದೆಯ 194ನೆಯ ಕಲಮು ವಾಹನ ಓಡಿಸಿದವನನ್ನು ಮಾತ್ರವಲ್ಲದೆ, ಓಡಿಸಲು ಕಾರಣನಾದವನನ್ನೂ ಅವಕಾಶ ಕೊಟ್ಟವನನ್ನೂ ಶಿಕ್ಷೆಗೆ ಗುರಿಪಡಿಸುತ್ತದೆ. ಚಾಲಕ ಮಾಲೀಕನಲ್ಲದಿದ್ದಾಗ, ಮಾಲೀಕನಿಗೆ ತಿಳಿದೇ ಅಪರಾಧ ನಡೆದಿದೆಯೆಂದು ನ್ಯಾಯಾಲಯ ಭಾವಿಸಬಹುದೆಂದು 113ನೆಯ ಕಲಮು ಹೇಳುತ್ತದೆ. ಸಿಮೆಂಟ್ ಕಾರ್ಖಾನೆ, ಗಣಿ, ಸಕ್ಕರೆ ಕಾರ್ಖಾನೆ, ಬಂದರು, ದೊಡ್ಡ ಗೋದಾಮು ಇವೆಲ್ಲವುಗಳ ಬಾಗಿಲಲ್ಲೂ ವೇಬ್ರಿಡ್ಜ್ ಇದೆ. ಒಳಗೆ ಬರುವಾಗ ಬರಿಗಾಡಿಯ ತೂಕ, ಹೊರಗೆ ಹೋಗುವಾಗ ತುಂಬಿದ ಗಾಡಿಯ ತೂಕ ಅಲ್ಲಿ ಮುದ್ರಣವಾಗುತ್ತದೆ. ಬಿಲ್ ಆಗುವುದೇ ಆ ಚೀಟಿಯ ಮೇಲೆ. ಅಂದರೆ ಅತಿಭಾರದ ಸಾಕ್ಷ್ಯವನ್ನು ಅಪರಾಧ ಎಸಗುವವರೇ ಬರೆದಿಡುತ್ತಿದ್ದಾರೆ. ಆ ವೇಬ್ರಿಡ್ಜ್‌ಗಳ ಅಂಕಿಗಳು ನೇರವಾಗಿ ಸಾರಿಗೆ ಇಲಾಖೆಯ ಗಣಕಕ್ಕೆ ಹೋಗುವಂತಾಗಬೇಕು. ಮಿತಿ ಮೀರಿದ ಲಾರಿಯನ್ನು ಹೊರಬಿಟ್ಟ ಸಂಸ್ಥೆಗೆ ದಂಡ ಬೀಳಬೇಕು.

ಎರಡನೆಯದಾಗಿ, ಸರ್ಕಾರದ ಬಳಿ ಈಗಾಗಲೇ ಇರುವ ಮಾಹಿತಿಗಳನ್ನು ಒಂದರ ಎದುರು ಇನ್ನೊಂದನ್ನು ಇಟ್ಟು ನೋಡಬೇಕು. ಅಂತರರಾಜ್ಯ ಸಾಗಣೆಗೆ 2018ರ ಏಪ್ರಿಲಿನಿಂದ ಇ–ವೇ ಬಿಲ್ ಕಡ್ಡಾಯವಾಗಿದೆ. ಅದರಲ್ಲಿ ಸರಕಿನ ಪ್ರಮಾಣವೂ ಲಾರಿಯ ನಂಬರೂ ಇವೆ. ಆ ನಂಬರಿನ ಲಾರಿ ಎಷ್ಟು ಹೊರಬಹುದೆಂಬುದು ವಾಹನ ನೋಂದಣಿಯ ದಾಖಲೆಯಲ್ಲಿದೆ. 18 ಟನ್ ಹೊರಬಲ್ಲ ಲಾರಿಗೆ 28 ಟನ್ನಿನ ಬಿಲ್ ತಯಾರಾದರೆ ಗಣಕ ಅಲ್ಲೇ ತಡೆಯಬಹುದು. ಎಲ್ಲ ಸರಕನ್ನೂ ಟನ್ನಿನಲ್ಲಿ ಬರೆಯುವುದಿಲ್ಲ. 50,000 ರೂಪಾಯಿಗಿಂತ ಕಡಿಮೆ ಬೆಲೆಯ ಮರಳು, ಜಲ್ಲಿಗಳು ಈ ಬಲೆಯಿಂದ ನುಸುಳುತ್ತವೆ. ಅವಕ್ಕೆ ಖನಿಜ ಸಾಗಣೆ ಪರವಾನಗಿಯ ದಾಖಲೆಯನ್ನು ಜೋಡಿಸಬೇಕಾಗುತ್ತದೆ. ಆದರೂ ಕಬ್ಬಿಣ, ಸಿಮೆಂಟ್, ರಸಗೊಬ್ಬರ, ಸಕ್ಕರೆಯಂತಹ ಭಾರದ ಸರಕುಗಳ ಮಟ್ಟಿಗೆ ಈ ಒಂದು ಹೋಲಿಕೆ, ರಾತ್ರಿ ನಿಂತು ಟಾರ್ಚ್ ಬೀಸುವ ನೂರು ಸಿಬ್ಬಂದಿಗಿಂತ ಹೆಚ್ಚು ಫಲ ಕೊಡಬಲ್ಲದು.

ಮೂರನೆಯದಾಗಿ, ಕಾವಲುಗಾರರನ್ನೇ ಅಳೆಯುವ ತಕ್ಕಡಿ ಬೇಕು. ಹೆದ್ದಾರಿಯ ಅನೇಕ ಟೋಲ್ ನಾಕಾಗಳಲ್ಲಿ ಚಲಿಸುವ ಲಾರಿಯನ್ನೇ ತೂಗುವ ಯಂತ್ರಗಳನ್ನು ಅಳವಡಿಸಲಾಗಿದೆ. ಅವು ನಿಂತ ಲಾರಿಯನ್ನು ತೂಗುವ ವೇಬ್ರಿಡ್ಜಿನಷ್ಟು ನಿಖರವಲ್ಲ. ಅವುಗಳ ಅಂಕಿಯ ಮೇಲೆಯೇ ದಂಡ ಹಾಕಿದರೆ ಅನ್ಯಾಯವಾಗಬಹುದು. ಆದರೆ ಎಣಿಕೆಗೆ ಅವು ಸಾಕು. ಒಂದು ತಿಂಗಳಲ್ಲಿ ಒಂದು ನಾಕಾವನ್ನು ದಾಟಿದ ಲಾರಿಗಳಲ್ಲಿ ಮಿತಿಗಿಂತ ಬಹಳ ಹೆಚ್ಚು ಭಾರ ಹೊತ್ತವೆಷ್ಟು, ಅದೇ ತಿಂಗಳಲ್ಲಿ ಅದೇ ಮಾರ್ಗದಲ್ಲಿ ಸಾರಿಗೆ ಇಲಾಖೆ ದಾಖಲಿಸಿದ ಪ್ರಕರಣಗಳೆಷ್ಟು, ಇಳಿಸಿದ ಸರಕೆಷ್ಟು? ಈ ಅಂಕಿಗಳನ್ನು ಪ್ರತಿ ತಿಂಗಳೂ ಪಕ್ಕಪಕ್ಕದಲ್ಲಿ ಪ್ರಕಟಿಸಬೇಕು. ಅವುಗಳ ನಡುವಿನ ಅಂತರದಲ್ಲಿ ಸಿಬ್ಬಂದಿಯ ಕೊರತೆ ಎಷ್ಟು, ಮಾಮೂಲು ಎಷ್ಟು ಎಂದು ಆಗ ಕೇಳಬಹುದು. ಸರ್ಕಾರ ತಾನಾಗಿ ಪ್ರಕಟಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ನಾಗರಿಕರ ಕೈಯಲ್ಲಿದೆ.

ನಾಲ್ಕನೆಯದು, ದಂಡ ನಗದಿನಲ್ಲಿ ಸಂದಾಯವಾಗಲೇಬಾರದು. ತೂಕದ ಚೀಟಿ, ವಾಹನದ ಚಿತ್ರ, ದಂಡದ ರಸೀದಿ ಒಂದೇ ಸಂಖ್ಯೆಯಡಿ ದಾಖಲಾಗಬೇಕು. ಪ್ರತಿ ಮುಖ್ಯ ಮಾರ್ಗದಲ್ಲಿ ಸರಕು ಇಳಿಸಿಡುವ ಅಂಗಳವಿರಬೇಕು. ಐದನೆಯದು, ದೂರು ಕೊಡುವವನಿಗೆ ರಕ್ಷಣೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಸ್ವತಂತ್ರ ಅಪರಾಧವಾಗಿದೆ. ಬಲವಂತಕ್ಕೆ ಕೊಟ್ಟವನು ಏಳು ದಿನಗಳೊಳಗೆ ತಿಳಿಸಿದರೆ ಮಾತ್ರ ಅವನಿಗೆ ವಿನಾಯಿತಿ. ತನ್ನ ಊರಿನಿಂದ ಸಾವಿರ ಕಿಲೋಮೀಟರ್ ದೂರದಲ್ಲಿರುವ, ನಾಳೆ ಮತ್ತೆ ಅದೇ ದಾರಿಯಲ್ಲಿ ಬರಬೇಕಾದ ಚಾಲಕ ಒಬ್ಬಂಟಿಯಾಗಿ ದೂರು ಕೊಡಲಾರ. ಲಾರಿ ಮಾಲೀಕರ ಸಂಘಗಳು, ವರ್ತಕರ ಸಂಘಗಳು ಅವನ ಪರವಾಗಿ ದೂರು ಸಲ್ಲಿಸುವ ಏರ್ಪಾಡು ಬೇಕು.

ಎದುರು ವಾದಗಳು

ಭಾರ ಕಡಿಮೆಯಾದರೆ ಬಾಡಿಗೆ ಏರುತ್ತದೆ, ಅದರಿಂದ ಬೆಲೆ ಏರುತ್ತದೆ ಎಂಬ ಆಕ್ಷೇಪ ಸಹಜವಾದುದು. ಬಾಡಿಗೆ ಸ್ವಲ್ಪ ಏರುವುದು ನಿಜ. ಆದರೆ ಇಂದಿನ ಅಗ್ಗದ ಬಾಡಿಗೆಯ ಉಳಿದ ಭಾಗವನ್ನು ಬೇರೆಯವರು ತೆರುತ್ತಿದ್ದಾರೆ. ರಸ್ತೆ ದುರಸ್ತಿಯ ಹಣ ತೆರಿಗೆದಾರನದು, ಸವೆದ ಟಯರು ಮಾಲೀಕನದು, ಮಾಮೂಲು ಮತ್ತೆ ಸರಕಿನ ಬೆಲೆಯಲ್ಲೇ ಸೇರುತ್ತದೆ, ಆಸ್ಪತ್ರೆಯ ಖರ್ಚು ಗಾಯಗೊಂಡವನ ಮನೆಯವರದು.

ಒಂದೇ ಲಾರಿಯಿರುವ ಸಣ್ಣ ಮಾಲೀಕ ಸಾಲದ ಕಂತು ಕಟ್ಟಲಾಗದೆ ಮುಳುಗುತ್ತಾನೆಂಬುದು ಇನ್ನೊಂದು ಮಾತು. ವಾಸ್ತವದಲ್ಲಿ ಇಂದು ಮುಳುಗುತ್ತಿರುವವನು ನಿಯಮ ಪಾಲಿಸುವ ಸಣ್ಣ ಮಾಲೀಕ. 18 ಟನ್ ಹೊರುವವನು 28 ಟನ್ ಹೊರುವವನ ದರದೊಡನೆ ಸ್ಪರ್ಧಿಸಲಾರ. ನಿಯಮ ಎಲ್ಲರಿಗೂ ಒಂದೇ ಆದರೆ ಅದೇ ಸರಕಿಗೆ ಹೆಚ್ಚು ಲಾರಿಗಳು ಬೇಕಾಗುತ್ತವೆ. ಬಾಡಿಗೆ ಎಲ್ಲರಿಗೂ ಸಮನಾಗಿ ಏರುತ್ತದೆ. ನಿಯಮ ಕೆಲವರಿಗೆ ಮಾತ್ರ ಅನ್ವಯಿಸಿ, ಪಟ್ಟಿಯಲ್ಲಿರುವವರಿಗೆ ಅನ್ವಯಿಸದಿದ್ದಾಗಲೇ ಸಣ್ಣವನು ಸೋಲುತ್ತಾನೆ.

ಸಮಾಜದ ಪಾಲು

ಇಲ್ಲಿಯವರೆಗಿನ ಮಾತು ಸರ್ಕಾರಕ್ಕೆ ಸಂಬಂಧಿಸಿದ್ದು. ಆದರೆ ಗೋದಾಮಿನ ಬಾಗಿಲಿನಲ್ಲಿ ನಿಂತವರು ಯಾರೆಂದು ನೋಡಿದರೆ ಮಾತು ಜೈನ ಸಮಾಜದ ಹೊಸ್ತಿಲಿಗೂ ಬರುತ್ತದೆ. ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳಲ್ಲಿ ಧಾನ್ಯ, ಸಕ್ಕರೆ, ಬಟ್ಟೆ, ಕಟ್ಟಡ ಸಾಮಗ್ರಿಗಳ ವ್ಯಾಪಾರ ಮಾಡುವವರಿದ್ದಾರೆ; ಬೆಳಗಾವಿ, ಸಾಂಗಲಿ, ಕೊಲ್ಹಾಪುರದ ಕಡೆ ಕಬ್ಬು ಬೆಳೆಯುವ ಬಂಧುಗಳಿದ್ದಾರೆ. ಸರಕು ಎಷ್ಟು ಹೇರಬೇಕೆಂದು ಹೇಳುವ ಅಧಿಕಾರ ಇವರಲ್ಲಿ ಅನೇಕರಿಗೆ ಇದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಬಲ್ಲವರಿಗೆ ಅತಿಭಾರಾರೋಪಣವೆಂಬ ಪದ ಹೊಸದಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅದು ಒಂದು; ನ್ಯಾಯವಾದ ಭಾರಕ್ಕಿಂತ ಹೆಚ್ಚಿನದನ್ನು ಹೊರಿಸುವುದೆಂದು ಅದರ ಅರ್ಥ. ಕಟ್ಟುವುದು, ಹೊಡೆಯುವುದು, ಅನ್ನನೀರು ತಡೆಯುವುದು ಇವುಗಳ ಸಾಲಿನಲ್ಲೇ ಆಚಾರ್ಯರು ಇದನ್ನು ಇಟ್ಟಿದ್ದಾರೆ. ರಾಜ್ಯದ ಕಟ್ಟಳೆ ಮೀರಿದ ವ್ಯವಹಾರವನ್ನೂ ತೂಕ ಅಳತೆಗಳ ಹೆಚ್ಚುಕಡಿಮೆಯನ್ನೂ ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಎತ್ತಿನ ಬೆನ್ನಿಗೆ ಹೇರಿದರೆ ಹಿಂಸೆ, ಲಾರಿಗೆ ಹೇರಿದರೆ ವ್ಯಾಪಾರ ಎಂದು ಬೇರ್ಪಡಿಸಲು ಬರುವುದಿಲ್ಲ. ಲಾರಿಗೆ ನೋವಾಗದು ನಿಜ; ಅದರ ಚಕ್ರದ ಹಿಂದೆ ಕುಳಿತವನಿಗೂ ಅದರ ಎದುರು ಬರುವವನಿಗೂ ಜೀವವಿದೆ.

ಎತ್ತಿನ ಮಾತೂ ಹಳೆಯದಾಗಿಲ್ಲ. ಕಬ್ಬಿನ ಹಂಗಾಮಿನಲ್ಲಿ ಆ ಸೀಮೆಯ ರಸ್ತೆಗಳಲ್ಲಿ, ಮೂಗುದಾರ ಬಿಗಿದು ಮೊಣಕಾಲೂರುವ ಎತ್ತುಗಳನ್ನೂ, ಜೋಡಿ ಟ್ರೇಲರಿನಲ್ಲಿ ಕಬ್ಬು ಹೇರಿಕೊಂಡು ಮುಂದಿನ ಚಕ್ರ ಮೇಲೆದ್ದ ಟ್ರಾಕ್ಟರುಗಳನ್ನೂ ಕಾಣದವರಿಲ್ಲ. ಎಳೆಯುವ ಪಶುಗಳ ಭಾರದ ಮಿತಿಯನ್ನು ಗೊತ್ತುಪಡಿಸುವ ನಿಯಮಗಳು 1965ರಿಂದಲೂ ಇವೆ. ಪ್ರತಿ ಗಾಡಿಯ ತೂಕವೂ ಕಾರ್ಖಾನೆಯ ಕಾಟಾದ ಮೇಲೆ ಬರೆದಾಗುತ್ತದೆ. ಬರೆದದ್ದನ್ನು ಓದಿ ಕ್ರಮ ಕೈಗೊಂಡವರು ಎಲ್ಲಿದ್ದಾರೆ? ಚಾತುರ್ಮಾಸದಲ್ಲಿ ಹಸಿರು ತರಕಾರಿ ಬಿಟ್ಟು ಜೀವದಯೆ ಪಾಲಿಸುವ ಮನೆಯಿಂದಲೇ ಇಂತಹ ಗಾಡಿ ಹೊರಡುವುದಾದರೆ, ಆ ದಯೆಯ ಲೆಕ್ಕದಲ್ಲಿ ಎಲ್ಲೋ ತೂಕ ತಪ್ಪಿದೆ.

ಸಮಾಜದ ವರ್ತಕರು ಸರ್ಕಾರಕ್ಕಾಗಿ ಕಾಯದೆ ಮಾಡಬಹುದಾದ ಕೆಲಸಗಳಿವೆ. ಬಾಡಿಗೆಯ ಒಪ್ಪಂದದಲ್ಲೇ ಲಾರಿಯ ನೋಂದಾಯಿತ ಮಿತಿಯನ್ನು ಬರೆದು, ಅದಕ್ಕಿಂತ ಹೆಚ್ಚಿನ ಸರಕಿಗೆ ಬಾಡಿಗೆ ಇಲ್ಲವೆಂದು ಸ್ಪಷ್ಟಪಡಿಸುವುದು ಮೊದಲನೆಯದು. ತೂಕದ ಚೀಟಿಯಿಲ್ಲದೆ ಲಾರಿಯನ್ನು ಹೊರಗೆ ಬಿಡದಿರುವುದು ಎರಡನೆಯದು. ದಾರಿಖರ್ಚಿನ ಲೆಕ್ಕದಲ್ಲಿ ಮಾಮೂಲಿಗೆ ಬೇರೆ ಹೆಸರಿಟ್ಟು ಬರೆಯುವ ರೂಢಿಯನ್ನು ಕೈಬಿಡುವುದು ಮೂರನೆಯದು. ಒಬ್ಬ ವ್ಯಾಪಾರಿ ಹೀಗೆ ಮಾಡಿದರೆ ಪಕ್ಕದ ಅಂಗಡಿಯವನಿಗಿಂತ ಅವನ ಸರಕು ದುಬಾರಿಯಾಗುತ್ತದೆ, ಇದು ಸುಳ್ಳಲ್ಲ. ಒಂದು ಪೇಟೆಯ ವರ್ತಕರು ಸೇರಿ ನಿರ್ಣಯಿಸಿದರೆ ಆ ನಷ್ಟ ಹಂಚಿಹೋಗುತ್ತದೆ. ಬಸದಿಗಳ ಜೀರ್ಣೋದ್ಧಾರಕ್ಕೂ ಪಂಚಕಲ್ಯಾಣ ಮಹೋತ್ಸವಗಳಿಗೂ ಒಂದಾಗಿ ಸಂಘಟಿತರಾಗಬಲ್ಲ ಸಮಾಜಕ್ಕೆ ಇಂತಹ ಒಂದು ನಿರ್ಣಯ ಅಸಾಧ್ಯವಲ್ಲ.

ಬಲವಂತದ ವಸೂಲಿ ನಡೆದಲ್ಲಿ ಏಳು ದಿನಗಳೊಳಗೆ ದೂರು ಕೊಡಬಹುದು. ಮಹಾರಾಷ್ಟ್ರದಲ್ಲಿ ಭ್ರಷ್ಟಾಚಾರ ನಿಗ್ರಹ ದಳದ 1064 ಸಂಖ್ಯೆ ಇದಕ್ಕೆಂದೇ ಇದೆ. ಆದರೆ ದೂರು ಕೊಡುವವನ ಲಾರಿ ಮಿತಿಯೊಳಗೆ ಇರಬೇಕು. ಇಪ್ಪತ್ತೆಂಟೂವರೆ ಟನ್ನಿನೊಳಗಿನ ಲಾರಿಯ ಚಾಲಕ ಕೊಗನೊಳ್ಳಿಯಲ್ಲಾಗಲಿ ಅತ್ತಿಬೆಲೆಯಲ್ಲಾಗಲಿ, ಕೈ ಅಡ್ಡ ಹಿಡಿದವನಿಗೆ ತೂಕದ ಚೀಟಿ ತೋರಿಸಿ, ವೇಬ್ರಿಡ್ಜಿಗೆ ಹತ್ತಿಸಿ ನೋಡಿ ಎಂದು ಹೇಳಬಲ್ಲ. ಆ ಮಾತು ಹೇಳುವ ಬಲವನ್ನು ಅವನಿಗೆ ಮೊದಲು ಕೊಡಬೇಕಾದವರು ಸರಕು ತುಂಬಿಸಿದವರು.